ಸೀಟು ಸಿಕ್ಕಿತು ಸರಿ, ವೀಸಾ ಯಾವುದು?

2025ರ ಮಾರ್ಚ್ 21, ಶುಕ್ರವಾರ. ರಾತ್ರಿ ಒಂಬತ್ತೂವರೆ ಆಗುತ್ತ ಬಂದರೂ ದಾವಣಗೆರೆಯ ನಮ್ಮ ಅಕ್ಕನ ಮನೆಯಲ್ಲಿ ಯಾರೂ ಊಟಕ್ಕೆ ಕೂತಿರಲಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಮಧ್ಯಾಹ್ನ ಹನ್ನೆರಡು. ಆ ದೇಶದ ಆಸ್ಪತ್ರೆಗಳ ರೆಸಿಡೆನ್ಸಿಗೆ, ಅಂದರೆ ನಮ್ಮ ಪಿಜಿಯಂಥ ತರಬೇತಿಗೆ, ಯಾರು ಎಲ್ಲಿಗೆ ಹೋಗಬೇಕು ಎಂಬ ಫಲಿತಾಂಶ ಬರುವ ಹೊತ್ತು. ಅಕ್ಕನ ಮಗಳಿಗೆ ಓಹಾಯೋ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಇಂಟರ್ನಲ್ ಮೆಡಿಸಿನ್ ಸಿಕ್ಕಿತು. ಅಕ್ಕ ದೇವರ ಮನೆಗೆ ಹೋದಳು, ಭಾವ ಊರಿಗೆಲ್ಲ ಫೋನ್ ಹಚ್ಚಿದರು. ಹುಡುಗಿ ಮಾತ್ರ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದಳು: “ಮಾಮ, ಇದು ಜೆ-1 ಮಾತ್ರ ಕೊಡೋ ಪ್ರೋಗ್ರಾಂ.”

ಆ ಮಾತಿನ ತೂಕ ಅವತ್ತು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಸೀಟು ಸಿಕ್ಕ ಮೇಲೆ ವೀಸಾ ಎನ್ನುವುದು ಕಾಗದಪತ್ರದ ಕೆಲಸ, ಒಂದೆರಡು ವಾರ ಓಡಾಡಿದರೆ ಮುಗಿಯುತ್ತದೆ ಎಂದುಕೊಂಡಿದ್ದೆವು. ಆಮೇಲಿನ ಒಂದು ವರ್ಷದಲ್ಲಿ ಕಂಡದ್ದೇ ಬೇರೆ. ವೈದ್ಯರ ಮುಂದಿನ ಹತ್ತು ವರ್ಷದ ಬದುಕು ಎಲ್ಲಿ, ಯಾವ ಊರಿನಲ್ಲಿ, ಯಾರಿಗೆ ಚಿಕಿತ್ಸೆ ಕೊಡುತ್ತ ಕಳೆಯಬೇಕು ಎಂಬುದನ್ನು ಅವರ ಅಂಕಪಟ್ಟಿಗಿಂತ ವೀಸಾದ ಬಗೆಯೇ ಹೆಚ್ಚು ತೀರ್ಮಾನಿಸುತ್ತದೆ. ಆ ತೀರ್ಮಾನದ ಒಂದು ಕಾಗದಕ್ಕೆ ನಮ್ಮ ಸರ್ಕಾರವೂ ಸಹಿ ಹಾಕುತ್ತದೆ.

ಮೊದಲು ಈ ಪೈಪೋಟಿಯ ಅಳತೆ ತಿಳಿಯಲಿ. ಬೇರೆ ದೇಶದಲ್ಲಿ ಎಂಬಿಬಿಎಸ್ ಓದಿದವರು ಅಮೆರಿಕದಲ್ಲಿ ವೈದ್ಯಕೀಯ ವೃತ್ತಿ ಮಾಡಬೇಕಾದರೆ ಅಲ್ಲಿಯೇ ಮತ್ತೆ ರೆಸಿಡೆನ್ಸಿ ಮಾಡಬೇಕು ಎನ್ನುವುದು ಬಹುಪಾಲು ಇವತ್ತಿಗೂ ಇರುವ ನಿಯಮ. ಇಲ್ಲಿ ಎಂಡಿ ಮುಗಿಸಿ ಹತ್ತು ವರ್ಷ ಪ್ರಾಕ್ಟೀಸ್ ಮಾಡಿದವರಿಗೂ ಇದು ತಪ್ಪಿದ್ದಲ್ಲ. ಯುಎಸ್‌ಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆಯ ಮೊದಲೆರಡು ಹಂತ ದಾಟಿ, ಹೊರದೇಶದಲ್ಲಿ ಓದಿದ ವೈದ್ಯರ ಅರ್ಹತೆ ಪರಿಶೀಲಿಸುವ, ಫಿಲಡೆಲ್ಫಿಯಾದಲ್ಲಿರುವ ಇಸಿಎಫ್‌ಎಂಜಿ ಎಂಬ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು, ಆಸ್ಪತ್ರೆಗಳಿಗೆ ಅರ್ಜಿ ಹಾಕಿ, ಸಂದರ್ಶನ ಕೊಟ್ಟು, ಕೊನೆಗೆ ‘ಮ್ಯಾಚ್’ ಎಂಬ ಹೊಂದಾಣಿಕೆಯಲ್ಲಿ ಹೆಸರು ಬರಬೇಕು. ಅಭ್ಯರ್ಥಿ ತನಗೆ ಬೇಕಾದ ಆಸ್ಪತ್ರೆಗಳ ಕ್ರಮಪಟ್ಟಿ ಕೊಡುತ್ತಾನೆ, ಆಸ್ಪತ್ರೆ ತನಗೆ ಬೇಕಾದ ಅಭ್ಯರ್ಥಿಗಳ ಕ್ರಮಪಟ್ಟಿ ಕೊಡುತ್ತದೆ, ಕಂಪ್ಯೂಟರ್ ಜೋಡಿ ಮಾಡುತ್ತದೆ. ಬಂದ ಫಲಿತಾಂಶಕ್ಕೆ ಇಬ್ಬರೂ ಬದ್ಧರು. 2025ರಲ್ಲಿ ಇಂಥ 43 ಸಾವಿರ ಚಿಲ್ಲರೆ ಸ್ಥಾನಗಳಿದ್ದವು. ಅಮೆರಿಕದಲ್ಲೇ ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಮೊದಲ ವೈದ್ಯಕೀಯ ಪದವಿ) ಓದಿ ಮುಗಿಸುತ್ತಿದ್ದವರಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಮಂದಿಗೆ ಸ್ಥಾನ ಸಿಕ್ಕಿತು. ಹೊರದೇಶದಲ್ಲಿ ಓದಿದ, ಅಮೆರಿಕದ ಪೌರತ್ವ ಇಲ್ಲದವರಲ್ಲಿ ಸಿಕ್ಕಿದ್ದು ನೂರಕ್ಕೆ 58 ಮಂದಿಗೆ. ಮಿಕ್ಕವರಲ್ಲಿ ಹೆಚ್ಚಿನವರು ಮತ್ತೆ ಅರ್ಜಿ ಹಾಕಲು ಮುಂದಿನ ಸೆಪ್ಟೆಂಬರ್‌ವರೆಗೆ ಕಾಯಬೇಕು.

ಈ 58ರೊಳಗೆ ಬಂದವರಿಗೂ ಮುಂದೆ ಎರಡು ದಾರಿ.

ಜೆ-1 ಎನ್ನುವುದು ವಿನಿಮಯ ಕಾರ್ಯಕ್ರಮದ ವೀಸಾ. ‘ನಮ್ಮಲ್ಲಿ ಬಂದು ಕಲಿತು, ನಿಮ್ಮ ದೇಶಕ್ಕೆ ಮರಳಿ ಅದನ್ನು ಬಳಸಿ’ ಎಂಬುದು ಅದರ ತಳಹದಿ. ಇದರಲ್ಲಿ ವೈದ್ಯರ ಸ್ಪಾನ್ಸರ್ ಆಸ್ಪತ್ರೆಯಲ್ಲ, ಇಸಿಎಫ್‌ಎಂಜಿ. ಇಡೀ ದೇಶದ ತರಬೇತಿ ವೈದ್ಯರಿಗೆಲ್ಲ ಅದೊಂದೇ ಸ್ಪಾನ್ಸರ್. ಆಸ್ಪತ್ರೆಗೆ ಹೆಚ್ಚು ಖರ್ಚೂ ಇಲ್ಲ, ತಲೆನೋವೂ ಇಲ್ಲ. ಹೆಚ್ಚೆಂದರೆ ಏಳು ವರ್ಷ ಇರಬಹುದು, ಪ್ರತಿ ವರ್ಷ ನವೀಕರಿಸಬೇಕು. ಗಂಡನೋ ಹೆಂಡತಿಯೋ ಜತೆಗೆ ಹೋದರೆ ಅನುಮತಿ ಪಡೆದು ಕೆಲಸ ಮಾಡಬಹುದು. ಇಷ್ಟೆಲ್ಲ ಅನುಕೂಲದ ಕೊನೆಗೆ ಒಂದು ಗಂಟಿದೆ. ತರಬೇತಿ ಮುಗಿದ ಮೇಲೆ ತಾಯ್ನಾಡಿಗೆ ಮರಳಿ ಒಟ್ಟು ಎರಡು ವರ್ಷ ಇಲ್ಲಿ ಇರಬೇಕು. ಅಲ್ಲಿಯವರೆಗೆ ಎಚ್-1ಬಿ ಕೂಡ ಇಲ್ಲ, ಗ್ರೀನ್ ಕಾರ್ಡ್ ಕೂಡ ಇಲ್ಲ. ಬೇರೆ ಕೆಲವು ಜೆ-1ಗಳಲ್ಲಿ ತಾಯ್ನಾಡಿನ ಸರ್ಕಾರ ‘ನಮ್ಮ ಅಡ್ಡಿಯಿಲ್ಲ’ ಎಂದು ಬರೆದುಕೊಟ್ಟರೆ ಈ ಷರತ್ತಿನಿಂದ ಬಿಡುಗಡೆ ಸಿಗುವುದುಂಟು. ತರಬೇತಿಗೆ ಹೋದ ವೈದ್ಯರಿಗೆ ಆ ಬಾಗಿಲನ್ನು ಅಮೆರಿಕದ ಕಾನೂನೇ ಮುಚ್ಚಿದೆ.

ಎಚ್-1ಬಿ ನಮ್ಮ ಸಾಫ್ಟ್‌ವೇರ್ ಮನೆಗಳಿಗೆಲ್ಲ ಪರಿಚಯವಿರುವ ಕೆಲಸದ ವೀಸಾ. ಇಲ್ಲಿ ಆಸ್ಪತ್ರೆಯೇ ಅರ್ಜಿದಾರ. ವಕೀಲರ ಖರ್ಚು, ಸರ್ಕಾರಿ ಶುಲ್ಕ ಎಲ್ಲ ಅದರ ತಲೆಯ ಮೇಲೆ. ಆರು ವರ್ಷದ ಮಿತಿ. ಮರಳಿ ಬರುವ ಷರತ್ತಿಲ್ಲ. ಆದರೆ ಯುಎಸ್‌ಎಂಎಲ್‌ಇಯ ಮೂರನೇ ಹಂತವನ್ನೂ ಮೊದಲೇ ದಾಟಿರಬೇಕು. ಮೊದಲೆರಡು ಹಂತ ಬೆಂಗಳೂರಿನಲ್ಲೇ ಕೂತು ಬರೆಯಬಹುದು. ಮೂರನೆಯದನ್ನು ಅಮೆರಿಕದ ನೆಲದಲ್ಲೇ ಬರೆಯಬೇಕು. ಅಂದರೆ ಪ್ರವಾಸಿ ವೀಸಾ, ವಿಮಾನದ ಟಿಕೆಟ್, ಅಲ್ಲಿ ಯಾರದೋ ಮನೆಯ ಸೋಫಾ. ಸಾಲ ಮಾಡಿ ಓದಿಸಿದ ಮನೆಯ ಮಕ್ಕಳಿಗೆ ಎಚ್-1ಬಿ ಬಾಗಿಲು ಇಲ್ಲಿಂದಲೇ ಕಿರಿದಾಗುತ್ತ ಬರುತ್ತದೆ.

ಹಾಗಾಗಿ ‘ನಮ್ಮ ಆಸ್ಪತ್ರೆ ವೀಸಾ ಸ್ಪಾನ್ಸರ್ ಮಾಡುತ್ತದೆ’ ಎಂದು ವೆಬ್‌ಸೈಟಿನಲ್ಲಿ ಬರೆದಿದ್ದರೆ ಅದಕ್ಕೆ ಎರಡು ಅರ್ಥ. ಒಂದರಲ್ಲಿ ಆಸ್ಪತ್ರೆ ಇನ್ನೊಬ್ಬರ ಸ್ಪಾನ್ಸರಿಗೆ ಒಪ್ಪಿಗೆ ಕೊಡುತ್ತದೆ. ಇನ್ನೊಂದರಲ್ಲಿ ತಾನೇ ಹೊಣೆ ಹೊರುತ್ತದೆ. ಅರ್ಜಿ ಹಾಕುವವರು ಮೊದಲು ತಿಳಿಯಬೇಕಾದದ್ದು ಈ ವ್ಯತ್ಯಾಸ.

ಈ ಏರುಪೇರು ಇವತ್ತಿನದಲ್ಲ. ಇಸಿಎಫ್‌ಎಂಜಿ ಹುಟ್ಟಿದ್ದು 1956ರಲ್ಲಿ. 1965ರ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ತೆರೆದಾಗ ಮೈಸೂರು, ಬೆಂಗಳೂರು, ಮಣಿಪಾಲಗಳಲ್ಲಿ ಓದಿದ ಒಂದು ಇಡೀ ತಲೆಮಾರು ಹಾರಿತು. ಅಮೆರಿಕದ ಅನೇಕ ಕನ್ನಡ ಕೂಟಗಳ ಹಿರಿಯರನ್ನು ಮಾತಾಡಿಸಿದರೆ ಈಗಲೂ ಆ ಕಾಲದ ಡಾಕ್ಟರುಗಳು ಸಿಗುತ್ತಾರೆ. ಹನ್ನೊಂದೇ ವರ್ಷಕ್ಕೆ, 1976ರಲ್ಲಿ, ‘ನಮ್ಮಲ್ಲಿ ವೈದ್ಯರ ಕೊರತೆ ಇಲ್ಲ’ ಎಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾಯ್ದೆಯಲ್ಲೇ ಬರೆದು ಹೊರಗಿನವರಿಗೆ ಹೊಸ ಪರೀಕ್ಷೆಯನ್ನೂ ಎರಡು ವರ್ಷ ಮರಳುವ ಷರತ್ತನ್ನೂ ಬಿಗಿಗೊಳಿಸಿತು. ಕೊರತೆ ಬಂದಾಗ ಸಡಿಲ, ರಾಜಕೀಯ ಬಿಸಿಯಾದಾಗ ಬಿಗಿ. ಇವತ್ತು ಅಮೆರಿಕದಲ್ಲಿ ಕೆಲಸ ಮಾಡುವ ನಾಲ್ವರು ವೈದ್ಯರಲ್ಲಿ ಸುಮಾರು ಒಬ್ಬರು ಹೊರದೇಶದಲ್ಲಿ ಓದಿದವರು. 2036ರ ಹೊತ್ತಿಗೆ 86 ಸಾವಿರದವರೆಗೂ ವೈದ್ಯರ ಕೊರತೆ ಬೀಳಬಹುದು ಎಂದು ಅಲ್ಲಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟವೇ 2024ರಲ್ಲಿ ಅಂದಾಜು ಮಾಡಿದೆ. ಹೀಗಿದ್ದೂ 2025 ಬಿಗಿಯ ವರ್ಷವಾಯಿತು.

ನಮ್ಮ ಹುಡುಗಿಗೆ ಆದದ್ದನ್ನು ಹೇಳುತ್ತೇನೆ. ಏಪ್ರಿಲ್‌ನಲ್ಲಿ ಆಸ್ಪತ್ರೆಯ ಒಪ್ಪಂದ ಬಂತು. ಅದು ಬಂದ ಮೇಲೆ ದೆಹಲಿಯ ಆರೋಗ್ಯ ಸಚಿವಾಲಯದಿಂದ ‘ಸ್ಟೇಟ್‌ಮೆಂಟ್ ಆಫ್ ನೀಡ್’ ಎಂಬ ಪತ್ರ ತರಬೇಕು. ಅದು ಹೋದ ಮೇಲೆ ಇಸಿಎಫ್‌ಎಂಜಿಯಿಂದ ಡಿಎಸ್-2019 ಎಂಬ ಫಾರಂ. ಅದು ಕೈಗೆ ಬಂದ ಮೇಲೆ ವೀಸಾ ಸಂದರ್ಶನದ ದಿನ. ಒಂದರ ಬಾಲ ಹಿಡಿದು ಇನ್ನೊಂದು, ನಡುವೆ ಒಂದು ಜಾರಿದರೂ ಎಲ್ಲ ನಿಂತಂತೆ. ಅವಳ ಫಾರಂ ಬಂದದ್ದು ಮೇ ಕೊನೆಯ ವಾರ. ಮೇ 27ಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ ವಿದ್ಯಾರ್ಥಿ ಮತ್ತು ವಿನಿಮಯ ವೀಸಾಗಳ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನು ನಿಲ್ಲಿಸಿಬಿಟ್ಟಿತು. ಜುಲೈ 1ಕ್ಕೆ ಆಸ್ಪತ್ರೆಯಲ್ಲಿ ಹಾಜರಾಗಬೇಕು. ನೋಡಿರದ ಮನೆಗೆ ಒಂದು ತಿಂಗಳ ಬಾಡಿಗೆ ಆಗಲೇ ಕಟ್ಟಿಯಾಗಿತ್ತು.

ಮೂರು ವಾರ ಮನೆಯಲ್ಲಿ ದಿನಕ್ಕೆ ನಲವತ್ತು ಸಲ ವೆಬ್‌ಸೈಟ್ ತೆರೆಯುವುದೇ ಕೆಲಸ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿದ್ದರೂ ಅಲ್ಲಿ ವೀಸಾ ಸೇವೆ ಶುರುವಾಗಿರಲಿಲ್ಲ. ಹಾಗಾಗಿ ಚೆನ್ನೈ ಇಲ್ಲವೇ ಹೈದರಾಬಾದ್. ಜೂನ್ 18ಕ್ಕೆ ಸಂದರ್ಶನಗಳಿಗೆ ಮತ್ತೆ ಅನುಮತಿ ಬಂತು, ವೈದ್ಯರಿಗೆ ಆದ್ಯತೆ ಕೊಡಿ ಎಂಬ ಸೂಚನೆಯೂ ಬಂತು. ಜತೆಗೆ ಹೊಸ ಷರತ್ತು: ಅರ್ಜಿದಾರರು ಸಾಮಾಜಿಕ ಜಾಲತಾಣದ ಖಾತೆಗಳನ್ನೆಲ್ಲ ಸಾರ್ವಜನಿಕವಾಗಿ ತೆರೆದಿಡಬೇಕು. ಅಕ್ಕನ ಮಗಳು ತನ್ನ ಇನ್‌ಸ್ಟಾಗ್ರಾಂ ತೆರೆದಿಟ್ಟಳು. ತಂಗಿಯ ಮದುವೆಯ ಅರಿಶಿನ ಶಾಸ್ತ್ರದ ಫೋಟೋಗಳು, ಅಜ್ಜಿಯ ಜತೆ ಹೋಳಿಗೆ ತಟ್ಟುತ್ತಿದ್ದ ವಿಡಿಯೊ, ಎಲ್ಲ. ಜುಲೈ ಮೊದಲ ವಾರ ಚೆನ್ನೈಯ ಜೆಮಿನಿ ಸರ್ಕಲ್ಲಿನಲ್ಲಿ ಬೆಳಗ್ಗೆ ಆರೂವರೆಗೆ ಸಾಲಿನಲ್ಲಿ ನಿಂತಿದ್ದೆವು. ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದ ಆಂಧ್ರದ ಹುಡುಗನೊಬ್ಬ ನಮ್ಮ ಹಿಂದಿದ್ದ. ಅವನದೂ ಅದೇ ಕತೆ, ಅವನು ಹೋಗಬೇಕಾದದ್ದು ಮಕ್ಕಳ ವಿಭಾಗಕ್ಕೆ. ಅವಳಿಗೆ ವೀಸಾ ಆಯಿತು. ಅವನ ಕೈಗೆ ‘221(ಜಿ)’ ಎಂಬ ಚೀಟಿ ಬಂತು. ಅಂದರೆ ಪರಿಶೀಲನೆ ಬಾಕಿ, ಎಷ್ಟು ದಿನ ಎಂದು ಹೇಳುವವರಿಲ್ಲ. ಆ ಹುಡುಗ ಫುಟ್‌ಪಾತಿನ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದ್ದು ನನ್ನ ಕಣ್ಣಿಂದ ಹೋಗಿಲ್ಲ.

ಇಂಥ ಒಬ್ಬ ರೆಸಿಡೆಂಟ್ ಬರುವುದು ತಡವಾದರೆ ಅಲ್ಲಿನ ಆಸ್ಪತ್ರೆಗೂ ಪೆಟ್ಟು. ರೆಸಿಡೆಂಟ್ ಎಂದರೆ ಪಾಠ ಕೇಳುವ ವಿದ್ಯಾರ್ಥಿ ಎಂದು ನಮ್ಮಲ್ಲಿ ಕೆಲವರು ತಿಳಿದಿರುತ್ತಾರೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಪಿಜಿಗಳು ಮುಷ್ಕರ ಹೂಡಿದ ದಿನ ಒಪಿಡಿ ಹೇಗಿರುತ್ತದೆ ಎಂದು ನೆನೆಸಿಕೊಂಡರೆ ಅಲ್ಲಿನದೂ ಅರ್ಥವಾದೀತು. ರಾತ್ರಿಪಾಳಿ, ವಾರ್ಡು, ಐಸಿಯು ಎಲ್ಲ ಅವರ ಮೇಲೆ ನಿಂತಿರುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್, ಬ್ರಾಂಕ್ಸ್ ಕಡೆಯ ಬಡವರ ಆಸ್ಪತ್ರೆಗಳಲ್ಲಿ ಹೀಗೆ ದುಡಿಯುವವರಲ್ಲಿ ದೊಡ್ಡ ಪಾಲು ಹೊರದೇಶದವರು.

ಎರಡನೇ ಪೆಟ್ಟು ಸೆಪ್ಟೆಂಬರ್‌ನದು. 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಹೊರಡಿಸಿದ ಆದೇಶದಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂದಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಮೊದಲು ಈ ಅರ್ಜಿಯ ಸರ್ಕಾರಿ ಶುಲ್ಕಗಳೆಲ್ಲ ಸೇರಿ ಕೆಲವು ಸಾವಿರ ಡಾಲರ್ ಆಗುತ್ತಿತ್ತು. ಮೊದಲ ವರ್ಷದ ರೆಸಿಡೆಂಟ್‌ಗೆ ವರ್ಷಕ್ಕೆ ಸಿಗುವ ಸಂಬಳವೇ 65 ಸಾವಿರ ಡಾಲರ್ ಆಸುಪಾಸು. ಸಂಬಳಕ್ಕಿಂತ ಶುಲ್ಕವೇ ಹೆಚ್ಚಾದ ಮೇಲೆ ಯಾವ ಆಸ್ಪತ್ರೆ ಮುಂದೆ ಬಂದೀತು? ಸೆಪ್ಟೆಂಬರ್ 21ರಿಂದ 12 ತಿಂಗಳು ಎಂದು ಹೊರಟ ಈ ಆದೇಶವನ್ನು ಮುಂದುವರಿಸಲೂ ಅವಕಾಶವಿದೆ. ವೈದ್ಯರನ್ನು ಹೊರಗಿಡಿ ಎಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಐವತ್ತಕ್ಕೂ ಹೆಚ್ಚು ವೈದ್ಯಕೀಯ ಸಂಘಗಳನ್ನು ಕೂಡಿಸಿಕೊಂಡು ಸರ್ಕಾರಕ್ಕೆ ಪತ್ರ ಬರೆಯಿತು. ಅಕ್ಟೋಬರ್ 20ರ ವಿವರಣೆಯಲ್ಲಿ ಒಂದು ಸಡಿಲಿಕೆ ಸಿಕ್ಕಿತು. ಆಗಲೇ ಅಮೆರಿಕದ ಒಳಗಿದ್ದು ಅಲ್ಲಿಂದಲೇ ಎಚ್-1ಬಿಗೆ ಬದಲಾಗುವವರಿಗೆ ಈ ಶುಲ್ಕವಿಲ್ಲ. ಹೊರಗಿಂದ ಹೊಸದಾಗಿ ಹೋಗುವವರಿಗೆ ಇದೆ. ದಾವಣಗೆರೆಯಿಂದ, ಕಲಬುರಗಿಯಿಂದ ಹೊರಡುವವರೆಲ್ಲ ಹೊರಗಿನವರೇ.

ದಿನಾಂಕ ಗಮನಿಸಿ. ಆ ವರ್ಷದ ಅರ್ಜಿಗಳನ್ನು ಆಸ್ಪತ್ರೆಗಳು ತೆರೆದು ನೋಡಲು ಶುರುಮಾಡಿದ್ದು ಸೆಪ್ಟೆಂಬರ್ 24ಕ್ಕೆ. ಆದೇಶ ಬಂದದ್ದು ಐದು ದಿನ ಮೊದಲು. ಅಕ್ಕನ ಮಗಳ ಕಾಲೇಜಿನ ಜೂನಿಯರ್ ಒಬ್ಬ ಎರಡು ವರ್ಷ ಕೂತು ಎಕ್ಸೆಲ್ ಪಟ್ಟಿ ಮಾಡಿಕೊಂಡಿದ್ದ. ನೂರಾರು ಪ್ರೋಗ್ರಾಂಗಳು, ಪ್ರತಿಯೊಂದರ ಎದುರು ‘ವೀಸಾ’ ಎಂಬ ಕಾಲಂ. ಎಚ್-1ಬಿ ಕೊಡುವವಕ್ಕೆ ಹಸಿರು, ಜೆ-1 ಮಾತ್ರ ಇರುವವಕ್ಕೆ ಹಳದಿ, ಯಾವುದೂ ಇಲ್ಲದವಕ್ಕೆ ಕೆಂಪು. ಮೂರನೇ ಹಂತದ ಪರೀಕ್ಷೆಗೆಂದು ಸಾಲ ತೆಗೆದು ಅಮೆರಿಕಕ್ಕೆ ಹೋಗಿ ಬಂದಿದ್ದ, ಹಸಿರು ಸಾಲುಗಳ ನಂಬಿಕೆಯ ಮೇಲೆ. ದಸರೆಯ ರಜೆಯಲ್ಲಿ ಮನೆಗೆ ಬಂದಾಗ ಆ ಪಟ್ಟಿ ತೋರಿಸಿದ. ಹಸಿರೆಲ್ಲ ಹೆಚ್ಚುಕಡಿಮೆ ಹಳದಿಯಾಗಿತ್ತು. “ಸರ್, ನಾನು ಬದಲಾಗಿಲ್ಲ, ನನ್ನ ಸ್ಕೋರ್ ಬದಲಾಗಿಲ್ಲ” ಅಂದ.

ಹಸಿರು ಹಳದಿಯಾದರೇನು, ಜೆ-1 ಇದೆಯಲ್ಲ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನಾನು ಈ ಲೇಖನ ಬರೆಯಲು ಕೂತದ್ದೂ ಅದಕ್ಕಾಗಿಯೇ.

ಜೆ-1 ಪಡೆದ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತಿನಿಂದ ತಪ್ಪಿಸಿಕೊಳ್ಳಲು ದಾರಿಗಳು ಕೆಲವೇ. ಊರಿಗೆ ಮರಳಿದರೆ ಕಿರುಕುಳವಾಗುತ್ತದೆ ಎಂದು ತೋರಿಸಬೇಕು, ಅಥವಾ ಅಮೆರಿಕದ ಪೌರರಾದ ಗಂಡ, ಹೆಂಡತಿ, ಮಕ್ಕಳಿಗೆ ಅಸಾಧಾರಣ ಕಷ್ಟವಾಗುತ್ತದೆ ಎಂದು ತೋರಿಸಬೇಕು. ಇವೆರಡೂ ಅಪರೂಪ. ಮೂರನೆಯದು ಎಲ್ಲರೂ ನಡೆಯುವ ದಾರಿ. ಅಮೆರಿಕದ ಯಾವುದಾದರೂ ರಾಜ್ಯವೋ ಅಲ್ಲಿನ ಕೇಂದ್ರದ ಇಲಾಖೆಯೋ ‘ಈ ವೈದ್ಯರು ನಮಗೆ ಬೇಕು’ ಎಂದು ಶಿಫಾರಸು ಮಾಡಬೇಕು. ಇದರಲ್ಲಿ ದೊಡ್ಡದು ‘ಕಾನ್ರಾಡ್ 30’. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಹೆಸರಿನದು, 1994ರಿಂದ ಇದೆ. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ವೈದ್ಯರ ಲೆಕ್ಕ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ವಾರಕ್ಕೆ 40 ಗಂಟೆಯಂತೆ ಮೂರು ವರ್ಷ ದುಡಿದರೆ ತಾಯ್ನಾಡಿಗೆ ಮರಳುವ ಷರತ್ತು ಕಳಚುತ್ತದೆ. ಇದು ಶಾಶ್ವತ ಕಾನೂನೂ ಅಲ್ಲ, ಆಗಾಗ ಬಜೆಟ್ ಮಸೂದೆಗಳ ಜತೆ ಅವಧಿ ವಿಸ್ತರಿಸುತ್ತ ಬಂದಿದ್ದಾರೆ.

ಈಗ ಕೂಡಿಸಿ ನೋಡಿ. ಎಚ್-1ಬಿ ದುಬಾರಿಯಾದಷ್ಟೂ ಹೊಸಬರೆಲ್ಲ ಜೆ-1ಗೆ ತಳ್ಳಲ್ಪಡುತ್ತಾರೆ. ಮೂರರಿಂದ ಏಳು ವರ್ಷದ ನಂತರ ಅವರೆಲ್ಲ ಅದೇ ಮೂವತ್ತು ಮೂವತ್ತರ ಲೆಕ್ಕದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಜನ ಇಷ್ಟಪಡುವ ದೊಡ್ಡ ರಾಜ್ಯಗಳಲ್ಲಿ ಈ ಮೂವತ್ತು ಈಗಲೇ ಬೇಗ ತುಂಬಿಹೋಗುತ್ತದೆ. ಸಿಗದವರು ಎಲ್ಲೆಲ್ಲೋ ಹುಡುಕಬೇಕು. ಸಿಕ್ಕವರೂ ಎಚ್-1ಬಿಯಲ್ಲಿ ಮೂರು ವರ್ಷ ಅದೇ ಆಸ್ಪತ್ರೆಗೆ ಕಟ್ಟಿಹಾಕಿಕೊಂಡಂತೆ. ಆಮೇಲೆ ಗ್ರೀನ್ ಕಾರ್ಡಿಗೆ ಭಾರತೀಯರ ಸರದಿ ಹತ್ತು ವರ್ಷ ದಾಟಿದ್ದು. ಟೆನೆಸ್ಸೀ ರಾಜ್ಯ 2023ರಲ್ಲಿ ಒಂದು ಕಾಯ್ದೆ ಮಾಡಿ, ಹೊರದೇಶದಲ್ಲಿ ತರಬೇತಿ ಪಡೆದ ವೈದ್ಯರು ಮತ್ತೆ ರೆಸಿಡೆನ್ಸಿ ಮಾಡದೆ ತಾತ್ಕಾಲಿಕ ಪರವಾನಗಿ ಪಡೆಯುವ ದಾರಿ ತೆರೆಯಿತು. ಬೇರೆ ಕೆಲವು ರಾಜ್ಯಗಳೂ ಹಿಂಬಾಲಿಸಿದವು. ಒಳ್ಳೆಯ ಹೆಜ್ಜೆಯೇ. ಆದರೆ ತರಬೇತಿ ಇಲ್ಲದ ಕಡೆ ಇಸಿಎಫ್‌ಎಂಜಿಯ ಜೆ-1 ಬರುವುದಿಲ್ಲ, ಹೆಚ್ಚಿನವರಿಗೆ ಎಚ್-1ಬಿಯೇ ಬೇಕು, ಮತ್ತೆ ಅದೇ 1 ಲಕ್ಷ ಡಾಲರ್. ರಾಜ್ಯ ತೆರೆದ ಬಾಗಿಲಿಗೆ ಅಲ್ಲಿನ ಕೇಂದ್ರ ಸರ್ಕಾರ ಬೀಗ ಹಾಕಿದಂತಾಗಿದೆ.

ನಮ್ಮ ಕಡೆಗೆ ಬರೋಣ. ಆ ‘ಸ್ಟೇಟ್‌ಮೆಂಟ್ ಆಫ್ ನೀಡ್’ ಪತ್ರದ ಸಾರ ಇಷ್ಟು: ಈ ವೈದ್ಯರು ಕಲಿಯಲಿರುವ ವಿಷಯದ ತಜ್ಞರು ಭಾರತಕ್ಕೆ ಬೇಕಾಗಿದ್ದಾರೆ, ತರಬೇತಿ ಮುಗಿಸಿ ಮರಳುತ್ತೇನೆಂದು ಅವರು ಲಿಖಿತ ಭರವಸೆ ಕೊಟ್ಟಿದ್ದಾರೆ. ದಾವಣಗೆರೆ ಕೋರ್ಟಿನ ಆವರಣದಲ್ಲಿ ಛಾಪಾ ಕಾಗದದ ಮೇಲೆ ಆ ಭರವಸೆ ಟೈಪು ಮಾಡಿಸಿದೆವು. ಟೈಪಿಸ್ಟು ವಯಸ್ಸಾದವರು. ಓದಿ ನೋಡಿ ಕನ್ನಡಕ ಮೇಲೆತ್ತಿ ಕೇಳಿದರು, “ಬರ್ತೀರಲ್ಲಮ್ಮ ಮತ್ತೆ?” ಅವಳು “ಬರ್ತೀನಿ ಸರ್” ಅಂದಳು. ಅವಳು ಸುಳ್ಳು ಹೇಳಲಿಲ್ಲ. ಆ ವಯಸ್ಸಿನಲ್ಲಿ ಹಾಗೆ ಹೇಳುವ ಎಲ್ಲರೂ ಆ ಗಳಿಗೆಯಲ್ಲಿ ನಿಜವನ್ನೇ ಹೇಳುತ್ತಾರೆ ಎಂದು ನನ್ನ ನಂಬಿಕೆ.

ಆದರೆ ಈ ಭರವಸೆಗೆ ಮುಂದೆ ಏನಾಗುತ್ತದೆ? ‘ಭಾರತಕ್ಕೆ ಬೇಕು’ ಎಂದು ನಮ್ಮ ಸರ್ಕಾರ ಸಹಿ ಮಾಡಿ ಕಳಿಸಿದ ವೈದ್ಯರನ್ನು ಆರೇಳು ವರ್ಷದ ನಂತರ ಅಮೆರಿಕದ ಒಂದು ರಾಜ್ಯ ‘ನಮ್ಮ ಹಳ್ಳಿಗೆ ಬೇಕು’ ಎಂದು ಪತ್ರ ಬರೆದು ಉಳಿಸಿಕೊಳ್ಳುತ್ತದೆ. ತಾಯ್ನಾಡಿಗೆ ಮರಳಿಸಲೆಂದು ಮಾಡಿದ ಷರತ್ತು ಅಮೆರಿಕದ ಹಳ್ಳಿಗಳಿಗೆ ವೈದ್ಯರನ್ನು ತುಂಬುವ ಸಾಧನವಾಗಿದೆ. ಇದರಲ್ಲಿ ಆ ವೈದ್ಯರ ತಪ್ಪನ್ನು ನಾನು ಕಾಣೆ. ಅಮೆರಿಕದ ರಾಜ್ಯ ಆ ಹೊತ್ತಿಗೆ ಅವರ ಮುಂದೆ ಒಂದು ಊರು, ಒಂದು ಹುದ್ದೆ, ಸಂಬಳದ ಅಂಕಿ, ಮೂರು ವರ್ಷದ ಒಪ್ಪಂದ ಇಡುತ್ತದೆ. ನಮ್ಮ ಕಡೆಯಿಂದ ಯಾರಾದರೂ ಫೋನ್ ಮಾಡಿ ‘ನಿಮ್ಮ ತರಬೇತಿ ಮುಗಿಯುತ್ತ ಬಂತಲ್ಲ, ರಾಯಚೂರಿನಲ್ಲಿ ಹುದ್ದೆ ಇದೆ, ಕೊಪ್ಪಳದಲ್ಲಿ ಇದೆ, ಬರುತ್ತೀರಾ’ ಎಂದು ಕೇಳಿದ್ದನ್ನು ಇಷ್ಟು ಜನರನ್ನು ವಿಚಾರಿಸಿಯೂ ನಾನು ಕೇಳಿಲ್ಲ. ಅಮೆರಿಕದ ಸ್ನಾತಕೋತ್ತರ ಅರ್ಹತೆಗೆ ನಮ್ಮಲ್ಲಿ ಮಾನ್ಯತೆ ಇದೆ. ಹಾಗಿರುವಾಗ ಬರೆಸಿಕೊಂಡ ಭರವಸೆಗಳ ಪಟ್ಟಿ ಇಟ್ಟುಕೊಂಡು ವರ್ಷಕ್ಕೊಮ್ಮೆ ಪತ್ರ ಬರೆಯುವುದು ಆಗದ ಕೆಲಸವೇ? ಕರ್ನಾಟಕ 2012ರ ಕಾಯ್ದೆಯಲ್ಲಿ ವೈದ್ಯಕೀಯ ಮುಗಿಸಿದವರಿಗೆ ಒಂದು ವರ್ಷದ ಸರ್ಕಾರಿ ಸೇವೆಯನ್ನು ಕಡ್ಡಾಯ ಮಾಡಿತು, ತಪ್ಪಿದರೆ ದಂಡ. ಕಡ್ಡಾಯ ಮತ್ತು ದಂಡ ನಮಗೆ ಬೇಗ ಹೊಳೆಯುತ್ತವೆ. ಕರೆದು ಕೂರಿಸುವುದು ಅಷ್ಟು ಬೇಗ ಹೊಳೆಯುವುದಿಲ್ಲ. ಇದು ನನ್ನ ದೊಡ್ಡ ದೂರು.

ಬ್ರಿಟನ್ ಕಡೆ ಹೋಗೋಣ ಎನ್ನುವವರಿಗೆ ಎರಡು ಮಾತು. ಅಲ್ಲಿ ತರಬೇತಿ ಹುದ್ದೆಯವರಿಗೆ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಕಡೆಯಿಂದಲೇ ಸ್ಪಾನ್ಸರ್ ಸಿಗುತ್ತಿತ್ತು, ವೀಸಾ ದೊಡ್ಡ ಅಡ್ಡಿಯಾಗಿರಲಿಲ್ಲ. ಅಡ್ಡಿಯಾದದ್ದು ಹುದ್ದೆಗಳ ಕೊರತೆ. 2025ರಲ್ಲಿ ಸುಮಾರು 10 ಸಾವಿರ ವಿಶೇಷ ತರಬೇತಿ ಹುದ್ದೆಗೆ 30 ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. 2026ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಓದಿದವರಿಗೆ ಮೊದಲ ಆದ್ಯತೆ ಕೊಡುವ ಮಸೂದೆಯನ್ನು ಸಂಸತ್ತಿಗೆ ತಂದಿತು. ಹೊರಗಿನ ವೈದ್ಯರಿಗೆ ಬ್ರಿಟನ್ ಇಟ್ಟಿರುವ ಪ್ಲ್ಯಾಬ್ ಪರೀಕ್ಷೆ ಪಾಸಾದರೆ ಕೆಲಸ ಖಚಿತ ಎಂದು ಕೋಚಿಂಗ್‌ನವರು ಹೇಳುವ ಮಾತನ್ನು ಈಗ ನಂಬಬೇಡಿ.

ಈ ವರ್ಷ ಅರ್ಜಿ ಹಾಕುವ ಮಕ್ಕಳ ತಂದೆತಾಯಿ ನನ್ನನ್ನು ಕೇಳುತ್ತಿರುತ್ತಾರೆ. ನಾನು ಹೇಳುವುದು ಇಷ್ಟೆ. ಪ್ರೋಗ್ರಾಂನ ಹೆಸರಿಗಿಂತ ಮೊದಲು ವೀಸಾ ಸಾಲು ಓದಿ, ಹಳೆಯ ಪಟ್ಟಿಗಳನ್ನು ನಂಬದೆ ಆಸ್ಪತ್ರೆಗೇ ಇಮೇಲ್ ಬರೆದು ಕೇಳಿ. ಮೂರನೇ ಹಂತಕ್ಕೆ ಸಾಲ ಮಾಡುವ ಮುನ್ನ ಎರಡು ಸಲ ಯೋಚಿಸಿ. ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ, ಅಂಕಪಟ್ಟಿಗಳಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇರಲಿ, ನಮ್ಮ ಕಡೆಯವರಿಗೆ ಅದೊಂದರಿಂದಲೇ ವಾರಗಟ್ಟಲೆ ಹೋಗುತ್ತದೆ. ಒಪ್ಪಂದ ಬಂದ ದಿನವೇ ದೆಹಲಿಯ ಪತ್ರಕ್ಕೆ ಅರ್ಜಿ ಹಾಕಿ. ಮತ್ತೆ, ಮಗಳೋ ಮಗನೋ ‘ಇದು ಜೆ-1’ ಎಂದು ಮೆಲ್ಲಗೆ ಹೇಳಿದರೆ ಸ್ವೀಟು ಹಂಚುವುದನ್ನು ಒಂದು ಗಳಿಗೆ ನಿಲ್ಲಿಸಿ ಏನು ಹೇಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ.

ಅಕ್ಕನ ಮಗಳು ಎರಡು ವಾರ ತಡವಾಗಿ ಕೆಲಸಕ್ಕೆ ಸೇರಿದಳು. ಮೊನ್ನೆ ರಾತ್ರಿಪಾಳಿ ಮುಗಿಸಿ ಫೋನ್ ಮಾಡಿದ್ದಳು. ಅವಳ ಸೀನಿಯರ್ ಒಬ್ಬರಿಗೆ ಕಾನ್ರಾಡ್‌ನಲ್ಲಿ ಕೆಲಸ ಸಿಕ್ಕಿದೆಯಂತೆ, ನಾರ್ತ್ ಡಕೋಟಾದ ಒಂದು ಸಣ್ಣ ಊರು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಾರಿನಲ್ಲಿ ಎರಡೂವರೆ ಗಂಟೆ. ಊರಿನವರೆಲ್ಲ ಸೇರಿ ಅವರಿಗೆ ಮನೆ ನೋಡಿಕೊಟ್ಟಿದ್ದಾರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, “ಮಾಮ, ನಮ್ಮ ಹರಪನಹಳ್ಳಿಯಿಂದ ದಾವಣಗೆರೆಗೆ ಎಷ್ಟು ಹೊತ್ತು?”

“ಒಂದು ಗಂಟೆ” ಅಂದೆ.